ದೊಡ್ಡಣ್ಣನ ಐಡಿ

ಅವಳು ಮನೆಯಿಂದ ಹೊರಟರೆ ಬೀದಿಯ ತಿರುವಿನವರೆಗೆ ಹೋಗಿ ಒಮ್ಮೆ ವಾಪಸ್ಸು ಬರುವುದು ಗ್ಯಾರಂಟಿ. ಬಾಗಿಲು ಸರಿಯಾಗಿ ಹಾಕಿದೆನೋ ಇಲ್ಲವೋ ಎಂಬ ಹುಳ ತಲೆಗೆ ಹೊಕ್ಕರೆ ಮುಗಿಯಿತು. ಬಸ್ಸು ಕಣ್ಣೆದುರೇ ಬಂದು ನಿಂತಿದ್ದರೂ ಬಿಟ್ಟು, ಮೆಟ್ಟಿಲು ಹತ್ತಿ ಬಂದು, ಹಿಡಿಯನ್ನು ಜಗ್ಗಿ ನೋಡಿ, ಅದು ಮಿಸುಕದಿದ್ದಾಗ ಮಾತ್ರ ಉಸಿರು ಬಿಡುತ್ತಿದ್ದಳು. ಒಳಗೆ ಅವಳ ಅಮ್ಮ ಕೂತಿದ್ದರೂ ಅಷ್ಟೆ.

"ಲೇ, ನಾನು ಒಳಗೇ ಇದೀನಿ ಕಣೆ! ನನ್ನನ್ನ ಯಾರು ಹೊತ್ಕೊಂಡು ಹೋಗ್ತಾರೆ?" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಅವನಿಗೆ ಇದೆಲ್ಲ ತಮಾಷೆ. "ನಾನು ದಿನವಿಡೀ ಸಿಕ್ಕಾಕಿಕೊಂಡ ಬಾಗಿಲು ತೆಗೀತೀನಿ, ನೀನು ತೆಗೆದಿರೋ ಬಾಗಿಲು ಹಾಕ್ತೀಯ. ಒಳ್ಳೆ ಜೋಡಿ ನಮ್ದು" ಅನ್ನುತ್ತಿದ್ದ. ಅವಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿತ್ತು, ಟಿವಿ ಮುಂದೆ ಕೂತರೆ ಬಾಯಿ ಉಗುರು ಹುಡುಕುತ್ತಿತ್ತು. ಕೂತಲ್ಲಿ ಕೂರದ ಜೀವ.

ಅವಳ ಕೆಲಸವೂ ಬಾಗಿಲಿನದೇ. ಔಷಧಿ ಮತ್ತು ಲಸಿಕೆಗಳನ್ನು ತಣ್ಣಗಿಟ್ಟು ಆಸ್ಪತ್ರೆಗಳಿಗೆ ಕಳಿಸುವ ಒಂದು ಕೋಲ್ಡ್ ಸ್ಟೋರೇಜ್ ಕಂಪನಿ. ಊರಾಚೆ, ಲಾರಿಗಳು ತಿರುಗುವ ರಸ್ತೆಯ ಕೊನೆಯಲ್ಲಿ, ಕಿಟಕಿಯಿಲ್ಲದ ಉದ್ದನೆಯ ಬಿಳಿ ಕಟ್ಟಡ. ಅಲ್ಲಿ ಯಾರು ಯಾವ ಕೋಣೆಗೆ ಹೋಗಬಹುದು, ಯಾರು ಯಾವ ಮಾಹಿತಿ ನೋಡಬಹುದು, ಯಾರು ಯಾವುದನ್ನು ಬದಲಿಸಬಹುದು ಎಂದು ತೀರ್ಮಾನವಾದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ಜಾರಿಗೆ ತರುವವಳು ಅವಳು. ಹೊಸಬರು ಬಂದರೆ ಐಡಿ ಕೊಡಬೇಕು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದರೆ ಹಳೇ ಅನುಮತಿ ಕಿತ್ತು ಹೊಸದು ಹಾಕಬೇಕು. ಕೆಲಸ ಬಿಟ್ಟರೆ ಆ ದಿನವೇ ಎಲ್ಲ ಮುಚ್ಚಬೇಕು. ಆಫೀಸಿನವರು ಅವಳಿಗೆ ಕೀಲಿಯಮ್ಮ ಎಂದು ಹೆಸರಿಟ್ಟಿದ್ದರು. ಅಮ್ಮನಿಗೆ ಈ ಕೆಲಸ ಏನೆಂದು ಅವಳು ಒಂದು ಸಲ ಬಿಡಿಸಿ ಹೇಳಿದ್ದಳು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ವಾಚ್‌ಮನ್ನು ಅನ್ನು. ಅದಕ್ಯಾಕೆ ಇಷ್ಟು ಸುತ್ತಿ ಬಳಸಿ ಹೇಳ್ತೀಯ?" ಅಂದಿದ್ದಳು.

ಮೊದಲಿಗೆ ಅವಳು ಸೇರಿದ್ದು ಗೋಡೌನಿನ ಆಫೀಸಿಗೆ, ಬಂದ ಪೆಟ್ಟಿಗೆಗಳ ವಿವರ ಟೈಪ್ ಮಾಡುವುದಕ್ಕೆ. ಸೇರಿದ ಹೊಸತರಲ್ಲಿ ಒಂದು ಪೆಟ್ಟಿಗೆಯ ನಂಬರು ನೋಡಲು ತಣ್ಣನೆ ಕೋಣೆಯೊಳಗೆ ಹೋದಳು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗಿನಿಂದ ತೆಗೆಯಲು ಒಂದು ಗುಬುಟು ಇರುತ್ತದೆ. ಅದರ ಸುತ್ತ ಹಿಮ ಕಟ್ಟಿ ಅದು ಕಲ್ಲಾಗಿತ್ತು. ಬಡಿದಳು, ಕೂಗಿದಳು. ಅಂಗೈ ದಪ್ಪದ ಬಾಗಿಲು, ಯಾರಿಗೆ ಕೇಳಿಸಬೇಕು? ಹಲ್ಲು ಕಟಕಟ ಅನ್ನುವುದು ನಿಂತು, ನಿದ್ದೆ ಬಂದಂತಾಗುವ ಹೊತ್ತಿಗೆ ಬಾಗಿಲು ತೆರೆಯಿತು. ಹೊರಗೆ ನಿಂತಿದ್ದವರು ಗೋಡೌನ್ ಸೂಪರ್‌ವೈಸರ್. ದೊಡ್ಡ ಆಳು, ದೊಡ್ಡ ದನಿ; ಲೋಡಿಂಗ್ ಮಾಡುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ದೊಡ್ಡಣ್ಣ. ತಮ್ಮ ಕೋಟು ಬಿಚ್ಚಿ ಅವಳಿಗೆ ಹೊದಿಸಿ, ಬಿಸಿ ಚಹಾ ಕುಡಿಸಿ, ಆಮೇಲೆ ಬೈದರು. ಅವಳನ್ನಲ್ಲ, ಆ ಗುಬುಟನ್ನು ನೋಡಿಕೊಳ್ಳಬೇಕಾಗಿದ್ದವನನ್ನು. "ಬಾಗಿಲು ಹಾಕೋದು ಯಾರು ಬೇಕಾದ್ರೂ ಕಲೀತಾರೆ ಕಣಯ್ಯ. ಒಳಗಿರೋರು ಹೊರಗೆ ಬರೋದು ಹೇಗೆ ಅಂತ ಯಾರು ನೋಡ್ತಾರೆ?"

ಬಾಗಿಲ ಹುಚ್ಚು ಅಂಟಿಕೊಂಡಿದ್ದು ಅಂದಿನಿಂದಲೇ ಎಂದು ಗಂಡ ಹೇಳುತ್ತಾನೆ. ಅದಕ್ಕೂ ಮುಂಚೆ ಇತ್ತು ಎಂದು ಅಮ್ಮ. ಏನೇ ಇರಲಿ, ಕಂಪನಿಯ ದಾಸ್ತಾನು, ಬಿಲ್ಲು, ಕೋಣೆಗಳ ತಾಪಮಾನ ಎಲ್ಲವೂ ಕ್ಲೌಡ್‌ಗೆ ಹೋಗುವುದೆಂದು ನಿರ್ಧಾರವಾದಾಗ, ಈ ಅನುಮತಿಗಳ ಕೆಲಸಕ್ಕೆ ಅವಳ ಹೆಸರು ಹೇಳಿದವರು ದೊಡ್ಡಣ್ಣ. "ಅವಳಿಗೆ ಕೊಡಿ. ಅವಳು ನಿದ್ದೇಲೂ ಚಿಲಕ ಹಾಕಿದೆಯಾ ಅಂತ ಕೇಳೋ ಪೈಕಿ" ಅಂದರಂತೆ. ಅವಳು ತರಬೇತಿಗೆ ಹೋಗಿ ಕಲಿತು ಬಂದಳು. ಕಟ್ಟಡದೊಳಗಿನ ಯಂತ್ರದಲ್ಲಿ ಇದ್ದದ್ದೆಲ್ಲ ಈಗ ಎಲ್ಲೋ ದೂರದ, ಯಾರೂ ನೋಡದ ಯಂತ್ರಗಳಲ್ಲಿತ್ತು. ಸರಿಯಾದ ಐಡಿ ಇದ್ದರೆ ಮನೆಯ ಅಡುಗೆಕೋಣೆಯಲ್ಲಿ ಕೂತು ಮೂರನೇ ಕೋಣೆಯ ತಾಪಮಾನ ಇಳಿಸಬಹುದಿತ್ತು, ಏರಿಸಬಹುದಿತ್ತು. ಅವಳ ನಿದ್ದೆ ಕೆಡಲು ಅಷ್ಟು ಸಾಕಾಗಿತ್ತು. ಅದಕ್ಕೇ ತಾಪಮಾನ ಬದಲಿಸುವ ಅನುಮತಿಯನ್ನು ಮೂವರಿಗೆ ಮಾತ್ರ ಇಟ್ಟಳು: ಮ್ಯಾನೇಜರ್, ದೊಡ್ಡಣ್ಣ, ಮತ್ತು ಯಂತ್ರಗಳ ಟೆಕ್ನಿಷಿಯನ್. ಈ ಟೆಕ್ನಿಷಿಯನ್ ಬಿರುಬೇಸಿಗೆಯಲ್ಲೂ ಬೂದು ಸ್ವೆಟರ್ ಬಿಚ್ಚದ ಆಸಾಮಿ. ಹೆಂಡತಿ ಬಿಟ್ಟರೆ ಬೇರೆ ಎಲ್ಲರೂ ಅವನನ್ನು ಸ್ವೆಟರಪ್ಪ ಅನ್ನುತ್ತಿದ್ದರು.

ದೊಡ್ಡಣ್ಣ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ, ಶೂ ಕಟ್ಟಿಕೊಳ್ಳುತ್ತಾ ಕೂತವರು ಹಾಗೇ ಒರಗಿದರು. ಆಸ್ಪತ್ರೆ ಮುಟ್ಟಲಿಲ್ಲ.

ಸಿಬ್ಬಂದಿ ವಿಭಾಗದಿಂದ ಅವಳಿಗೆ ಸಂದೇಶ ಬಂತು: ಈ ಐಡಿ ಮುಚ್ಚುವುದು. ಅವಳು ಪರದೆ ತೆರೆದಳು. ದೊಡ್ಡಣ್ಣನ ಹೆಸರು, ಪಕ್ಕದಲ್ಲಿ ಪುಟ್ಟ ಫೋಟೋ. ಫೋಟೋಗೆ ನಗಬಾರದು ಎಂದು ಹೇಳಿದ್ದರೂ ಹಲ್ಲು ಬಿಟ್ಟಿದ್ದರು. ಕೆಳಗೆ 'ಮುಚ್ಚು' ಎಂಬ ಗುಂಡಿ. ಅವಳ ಬೆರಳು ಅಲ್ಲಿಗೆ ಹೋಯಿತು, ನಿಂತಿತು. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದಳು. ಮಾರನೇ ದಿನ ತೆರೆದಳು, ಮತ್ತೆ ಮುಚ್ಚಲಾಗಲಿಲ್ಲ. ಮಣ್ಣು ಮಾಡಿ ಬಂದು ಇನ್ನೂ ಚಪ್ಪಲಿಯ ಧೂಳು ಹೋಗಿಲ್ಲ, ಇಷ್ಟು ಬೇಗ ಏನವಸರ ಅನ್ನಿಸಿತು. ಮುಂದಿನ ವಾರ ಮಾಡೋಣ ಅಂದುಕೊಂಡಳು. ಮುಂದಿನ ವಾರ ಬೇರೆ ಏನೋ ಗಡಿಬಿಡಿ. ಜಗತ್ತಿನ ಎಲ್ಲ ಬಾಗಿಲುಗಳನ್ನು ಜಗ್ಗಿ ನೋಡುವವಳು ಆ ಒಂದು ಬಾಗಿಲ ಮುಂದೆ ಮಾತ್ರ ತಲೆ ತಗ್ಗಿಸಿ ಹಾದು ಹೋಗುತ್ತಿದ್ದಳು. ಹೀಗೆ ತಿಂಗಳುಗಳು ಕಳೆದವು.

ಅನಾಹುತ ಆದದ್ದು ಒಂದು ಮಟಮಟ ಮಧ್ಯಾಹ್ನ. ಸ್ವೆಟರಪ್ಪ ಮೂರನೇ ಕೋಣೆಯಲ್ಲಿ ತಂಪು ಮಾಡುವ ಎರಡು ಯಂತ್ರಗಳಲ್ಲಿ ಒಂದನ್ನು ನಿಲ್ಲಿಸಿ, ಅದರ ಮೇಲೆ ಕಟ್ಟಿದ ಹಿಮ ಕರಗಿಸುತ್ತಿದ್ದ. ಆಗ ತಾಪಮಾನ ಒಂದಿಷ್ಟು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ, ಅದು ಮಾಮೂಲು. ಅವನು ಕೆಲಸ ಮುಗಿಸಿ, ಯಂತ್ರ ಶುರು ಮಾಡಿ, ಊಟಕ್ಕೆ ಹೋದ. ಊಟ ಮುಗಿಸಿ ಬರುವಷ್ಟರಲ್ಲಿ ಕೋಣೆಯ ತಾಪಮಾನ ಏರಿದ್ದಷ್ಟೂ ಇಳಿದು, ಇನ್ನೂ ಇಳಿದು, ನೀರು ಹೆಪ್ಪುಗಟ್ಟುವ ಮಟ್ಟ ದಾಟಿತ್ತು. ಫ್ಯಾನಿನ ಎದುರಿಗೆ ಜೋಡಿಸಿದ್ದ ಲಸಿಕೆಗಳ ಸಾಲಿನಲ್ಲಿ ಸೀಸೆಯೊಳಗೆ ಬಿಳಿ ಗೆರೆ ಮೂಡಿತ್ತು. ಕೆಲವು ಲಸಿಕೆಗಳು ಬಿಸಿಗಿಂತ ಬೇಗ ಹಿಮಕ್ಕೆ ಕೆಡುತ್ತವೆ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯುವುದೇ ಗತಿ. ಹೊರಗೆ ಅದನ್ನು ಆಸ್ಪತ್ರೆಗಳಿಗೆ ಒಯ್ಯಲು ವ್ಯಾನುಗಳು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದವು.

ಯಾರೋ ತಾಪಮಾನವನ್ನು ಬೇಕೆಂದೇ ಇಳಿಸಿದ್ದರು. ಯಾರೆಂದು ನೋಡಲು ಮ್ಯಾನೇಜರ್ ಅವಳನ್ನು ಕರೆಸಿದರು. ಅವಳು ಪರದೆ ತೆರೆದಳು. ಬದಲಿಸಿದವರ ಹೆಸರಿನ ಜಾಗದಲ್ಲಿ ದೊಡ್ಡಣ್ಣನ ಹೆಸರು, ಪಕ್ಕದಲ್ಲಿ ಆ ನಗು.

ಹಿಂದೆ ನಿಂತಿದ್ದ ವ್ಯಾನ್ ಡ್ರೈವರ್ ಮೆಲ್ಲಗೆ, "ಅಯ್ಯೋ, ದೊಡ್ಡಣ್ಣ ಇನ್ನೂ ಡ್ಯೂಟಿ ಬಿಟ್ಟಿಲ್ಲ!" ಅಂದ. ಯಾರೂ ನಗಲಿಲ್ಲ.

"ಹೋದೋರ ಐಡಿ ಇನ್ನೂ ಹೇಗೆ ತೆರೆದಿದೆ?" ಎಂದು ಮ್ಯಾನೇಜರ್ ಕೇಳಿದರು.

"ನೋಡ್ತೀನಿ ಸರ್" ಅಂದಳು. ಉತ್ತರ ಅವಳಿಗೆ ಗೊತ್ತಿತ್ತು.

ತನ್ನ ಸೀಟಿಗೆ ಬಂದು ಕೂತಳು, ಎದ್ದಳು, ನೀರು ಕುಡಿಯಲು ಹೋಗಿ ಲೋಟ ತುಂಬಿಸಿ ಅಲ್ಲೇ ಇಟ್ಟು ಬಂದಳು. ದೊಡ್ಡಣ್ಣನ ಪಾಸ್‌ವರ್ಡ್ ಯಾರಿಗೆ ಗೊತ್ತಿರಲು ಸಾಧ್ಯ? ಅವರ ಜೊತೆಗೇ ಉಂಡು, ಅವರ ಜೊತೆಗೇ ಜಗಳ ಆಡುತ್ತಿದ್ದವನು ಸ್ವೆಟರಪ್ಪ. ಮೂರನೇ ಕೋಣೆಯಲ್ಲಿ ಇವತ್ತು ಕೆಲಸ ಮಾಡಿದವನೂ ಅವನೇ. ಹಿಮ ಕರಗಿಸುವಾಗ ಏನೋ ಎಡವಟ್ಟು ಮಾಡಿ, ತನ್ನ ಹೆಸರು ಬರಬಾರದೆಂದು ಹೋದವರ ಹೆಸರಿನ ಹಿಂದೆ ಅವಿತಿದ್ದಾನೆ. ಹೀಗೆ ಯೋಚಿಸಿದಾಗ ಎಲ್ಲ ತಾಳೆಯಾಯಿತು. ತಾಳೆಯಾದದ್ದರಿಂದ ಅವಳಿಗೆ ಒಂದು ಬಗೆಯ ಸಮಾಧಾನವೂ ಆಯಿತು. ಹಾಗಾದರೆ ದೊಡ್ಡ ತಪ್ಪು ತನ್ನದಲ್ಲವಲ್ಲ.

ಅವಳು ಎರಡು ಕೆಲಸ ಮಾಡಿದಳು. ದೊಡ್ಡಣ್ಣನ ಐಡಿಯಿಂದ ಬದಲಿಸುವ ಅನುಮತಿ ಕಿತ್ತು, ನೋಡುವ ಅನುಮತಿ ಮಾತ್ರ ಉಳಿಸಿದಳು. ಕಳ್ಳ ಇನ್ನೊಮ್ಮೆ ಬಂದರೆ ಗೊತ್ತಾಗಲಿ ಎಂದು. ಆಮೇಲೆ ಸ್ವೆಟರಪ್ಪನ ಐಡಿಯನ್ನು ಪೂರ್ತಿ ತಡೆದಳು. ಕೋಣೆಗಳ ಬಾಗಿಲು ತೆರೆಯುವ ಕಾರ್ಡು ಕೂಡ ಅದೇ ಐಡಿಗೆ ಕಟ್ಟಿದ್ದು.

ಅವನು ಕೆಟ್ಟ ಸಾಲನ್ನು ಬೇರೆಮಾಡಲು ಹೊರಟಿದ್ದ. ಲೋಡಿಂಗ್‌ನವರೆಲ್ಲ ಸುತ್ತ ನಿಂತಿದ್ದಾಗ ಕಾರ್ಡನ್ನು ಬಾಗಿಲಿಗೆ ಒತ್ತಿದ. ಕೆಂಪು ದೀಪ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಕೆಂಪು ದೀಪ. ತಿರುಗಿದರೆ ಅವಳು ನಿಂತಿದ್ದಳು.

"ಮೇಡಂ, ಬಾಗಿಲು ತೆಗೀತಿಲ್ಲ."

"ಗೊತ್ತು."

ಅವನು ಅವಳ ಮುಖ ನೋಡಿದ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕಾರ್ಡನ್ನು ಕುತ್ತಿಗೆಯಿಂದ ತೆಗೆದು, ದಾರವನ್ನು ಸುತ್ತಿ, ಅವಳ ಕೈಗೆ ಕೊಡದೆ ಪಕ್ಕದ ಪೆಟ್ಟಿಗೆಯ ಮೇಲೆ ಇಟ್ಟು, ಗೇಟಿನ ಕಡೆ ನಡೆದ. ಅವಳ ಅನುಮಾನ ಕೇಳಿ, ವಿಚಾರಣೆ ಮುಗಿಯುವವರೆಗೆ ಅವನು ಮನೆಯಲ್ಲಿರಲಿ ಎಂದರು ಮ್ಯಾನೇಜರ್.

ಮಾರನೇ ದಿನ ಅವಳು ಬೆಳಗಿನಿಂದ ಪರದೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ಊಟದ ಡಬ್ಬಿ ತೆರೆಯಲೇ ಇಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ದೊಡ್ಡಣ್ಣನ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿತು. ಯಾರೋ ಒಳಗೆ ಬಂದಿದ್ದಾರೆ. ಕಚೇರಿಯಿಂದಲ್ಲ, ಹೊರಗಿನಿಂದ.

ತಕ್ಷಣ ಸ್ವೆಟರಪ್ಪನಿಗೆ ಫೋನ್ ಹಚ್ಚಿದಳು. "ಎಲ್ಲಿದೀರ?"

"ಕಟಿಂಗ್ ಶಾಪಲ್ಲಿ ಮೇಡಂ. ಮುಖದ ತುಂಬ ಸೋಪಿದೆ. ಏನು ಹೇಳಿ." ಹಿಂದೆ ಕತ್ತರಿಯ ಸದ್ದು, ಯಾರೋ ಕ್ರಿಕೆಟ್ ಬಗ್ಗೆ ವಾದಿಸುವುದು, ಕ್ಷೌರಿಕ "ಅಲ್ಲಾಡಬೇಡಿ ಸಾರ್" ಅನ್ನುವುದು ಎಲ್ಲ ಕೇಳಿಸುತ್ತಿತ್ತು.

ಹಸಿರು ಚುಕ್ಕೆ ಉರಿಯುತ್ತಲೇ ಇತ್ತು. ಯಾರೋ ಒಂದನೇ ಕೋಣೆ ನೋಡಿದರು, ಎರಡನೆಯದು ನೋಡಿದರು, ಮೂರನೆಯದರಲ್ಲಿ ತುಂಬಾ ಹೊತ್ತು ನಿಂತರು. ಕಳ್ಳನ ಹಾಗಲ್ಲ, ಮಲಗಿದ ಮಕ್ಕಳ ಕೋಣೆಗೆ ಇಣುಕಿ ಹೋಗುವವರ ಹಾಗೆ.

"ಏನೂ ಇಲ್ಲ, ಬಿಡಿ" ಎಂದು ಫೋನ್ ಇಟ್ಟಳು. ಸ್ವೆಟರಪ್ಪ ಅಲ್ಲ. ಹಾಗಾದರೆ ಯಾರು? ದೊಡ್ಡಣ್ಣ ಮನೆಯಲ್ಲಿ ಯಾರಿಗಾದರೂ ಪಾಸ್‌ವರ್ಡ್ ಹೇಳಿದ್ದರಾ? ಕೇಳಬೇಕಾದರೆ ಇರುವವರು ಅತ್ತಿಗೆ ಒಬ್ಬರೇ. ದೊಡ್ಡಣ್ಣನ ಹೆಂಡತಿಯನ್ನು ಆಫೀಸಿನವರೆಲ್ಲ ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಆ ಸಾವಿನ ದಿನ ಬಿಟ್ಟರೆ ಅವಳು ಆ ಮನೆಗೆ ಕಾಲಿಟ್ಟಿರಲಿಲ್ಲ. ಇವತ್ತು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು. ಅತ್ತಿಗೆ ಅಂಗಡಿಗಳಿಗೆ ದಿಂಬಿನ ಕವರು ಹೊಲಿದು ಕೊಡುತ್ತಿದ್ದರು. ಕೋಣೆಯ ತುಂಬ ಬಿಳಿ ಬಟ್ಟೆಯ ರಾಶಿ, ನೆಲದ ಮೇಲೆ ದಾರದ ತುಂಡುಗಳು. ಕಿಟಕಿ ಪಕ್ಕದ ಯಂತ್ರದ ಮೇಲೆ, ಎಣ್ಣೆ ಡಬ್ಬಿಗೆ ಒರಗಿಸಿ ಒಂದು ಹಳೇ ಟ್ಯಾಬ್ ನಿಲ್ಲಿಸಿದ್ದರು. ಅದರ ಮೇಲೆ ಕೋಣೆಗಳ ತಾಪಮಾನ ಸಾಲಾಗಿ ಕಾಣುತ್ತಿತ್ತು. ಒಂದು ಹೊಲಿಗೆ ಮುಗಿಸುವುದು, ತಲೆ ಎತ್ತಿ ನೋಡುವುದು, ಮತ್ತೆ ಹೊಲಿಯುವುದು.

"ಬಾಮ್ಮ, ಬಾ. ಅಪರೂಪಕ್ಕೆ ದಾರಿ ತಪ್ಪಿ ಬಂದ ಹಾಗಿದೆ" ಎಂದು ಅತ್ತಿಗೆ ಬಟ್ಟೆ ಸರಿಸಿ ಜಾಗ ಮಾಡಿದರು.

ಅವಳು ಕೂರಲಿಲ್ಲ. "ಅತ್ತಿಗೆ, ಇದು..."

"ಅವರ ಟ್ಯಾಬು. ಸ್ವಂತ ದುಡ್ಡಲ್ಲಿ ತಗೊಂಡಿದ್ದು, ಕಂಪನೀದಲ್ಲ" ಅಂದರು ಅತ್ತಿಗೆ, ಯಾರೋ ಕಿತ್ತುಕೊಳ್ಳಲು ಬಂದಂತೆ. ಆಮೇಲೆ ದನಿ ಇಳಿಸಿ, "ಪಾಸ್‌ವರ್ಡ್ ಗೀಸ್‌ವರ್ಡ್ ನಂಗೊತ್ತಿಲ್ಲ. ಅದು ಅವರನ್ನ ನೆನಪಿಟ್ಕೊಂಡಿದೆ, ಏನೂ ಕೇಳೋದೇ ಇಲ್ಲ. ದಿನಾ ಊಟ ಆದ್ಮೇಲೆ ಇಲ್ಲೇ ಕೂತು ನೋಡ್ತಿದ್ರಲ್ಲ. ನಾನು ಹೊಲೀತಾ ಇರ್ತಿದ್ದೆ, ಅವರು 'ಎರಡನೇದು ಸರಿ ಇದೆ, ನಾಲ್ಕನೇದು ಸರಿ ಇದೆ' ಅಂತ ಓದ್ತಿದ್ರು. ಈಗ ನಾನೇ ಓದ್ಕೋತೀನಿ."

ಅತ್ತಿಗೆಯ ಮುಖ ಇದ್ದಕ್ಕಿದ್ದಂತೆ ಅರಳಿತು.

"ನಿನ್ನೆ ಏನಾಯ್ತು ಗೊತ್ತಾ? ಮೂರನೇ ರೂಮು ಜ್ವರ ಬಂದ ಹಾಗೆ ಏರ್ತಾ ಇತ್ತು. ಹಳದಿ ಬಣ್ಣ ಬಂತು. ಯಾರಾದ್ರೂ ನೋಡ್ತಾರೆ ಅಂತ ಕಾದೆ. ಯಾರೂ ನೋಡ್ಲಿಲ್ಲ. ಆಮೇಲೆ ಅವರು ಹೇಗೆ ಒತ್ತುತಿದ್ರೋ ಹಾಗೇ ಒತ್ತಿ ಇಳಿಸಿದೆ. ನೋಡು, ತಕ್ಷಣ ಇಳೀತು!"

ಸುಮ್ಮನೆ ಚಹಾ ಕುಡಿದು ಎದ್ದು ಬಂದುಬಿಡಬಹುದಿತ್ತು. ಆಫೀಸಿಗೆ ಹೋಗಿ ಐಡಿ ಮುಚ್ಚಿದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸ್ವೆಟರಪ್ಪ ಮಾತ್ರ ಮನೆಯಲ್ಲೇ ಇರುತ್ತಿದ್ದ. ಅವಳು ಕೊನೆಗೂ ಬಟ್ಟೆಯ ರಾಶಿಯ ಪಕ್ಕ ಕೂತು, ಹಿಮ ಕರಗಿಸುತ್ತಿದ್ದದ್ದು, ಇಳಿಸಿದ್ದಕ್ಕೆ ಲಸಿಕೆ ಹೆಪ್ಪುಗಟ್ಟಿದ್ದು, ವ್ಯಾನುಗಳು ಖಾಲಿ ಹೋದದ್ದು, ಎಲ್ಲ ಹೇಳಿದಳು.

ಅತ್ತಿಗೆ ಕೇಳುತ್ತಾ ಯಂತ್ರದ ಪೆಡಲ್ ತುಳಿಯುತ್ತಲೇ ಇದ್ದರು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.

"ಮಕ್ಕಳಿಗೆ ಹಾಕೋದಾ?" ಎಂದರು ಕಡೆಗೆ.

"ಹಾಕೋಕೆ ಮುಂಚೆನೇ ಗೊತ್ತಾಯ್ತು ಅತ್ತಿಗೆ. ಯಾರಿಗೂ ಏನೂ ಆಗಿಲ್ಲ. ಬೇರೆ ತರಿಸ್ತಾರೆ."

"ನಾನು ಅವರು ಮಾಡೋ ಹಾಗೇ ಮಾಡ್ದೆ."

"ಗೊತ್ತು. ತಪ್ಪು ನಿಮ್ಮದಲ್ಲ. ಅವರು ಹೋದ ದಿನವೇ ನಾನು ಅದನ್ನ ಮುಚ್ಚಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ."

ಅತ್ತಿಗೆ ಕಾಲು ನಿಲ್ಲಿಸಿದರು. "ನಿನ್ನ ಕೈಲಿ ಆಗ್ಲಿಲ್ಲ" ಎಂದು ಆ ಮಾತನ್ನೇ ಒಮ್ಮೆ ಹೇಳಿ ನೋಡಿದರು. ಆಮೇಲೆ ಬೇರೆ ದನಿಯಲ್ಲಿ, "ಈಗ ಮುಚ್ಚೋಕೆ ಬಂದಿದೀಯ?"

"ಮುಚ್ಚಬೇಕು ಅತ್ತಿಗೆ."

"ನಿನ್ನ ಆಫೀಸಿಂದ ಏನು ಬೇಕಾದ್ರೂ ಮಾಡ್ಕೋ. ಇದನ್ನ ಮಾತ್ರ ಮುಟ್ಟಬೇಡ." ಟ್ಯಾಬನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಅವಳು ಎದ್ದು ಬರುವಾಗ ಬಾಗಿಲವರೆಗೆ ಬರಲಿಲ್ಲ.

ಮನೆಗೆ ಬಂದವಳು ಅಡುಗೆಕೋಣೆಯಲ್ಲಿ ಒಂದು ಡಬ್ಬಿ ತೆಗೆದು ಮುಚ್ಚಿ, ಇನ್ನೊಂದು ತೆಗೆದು ಮುಚ್ಚಿ ಮಾಡುತ್ತಿದ್ದಳು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. "ಏನು ಹುಡುಕ್ತಿದೀಯ?"

"ಏನಿಲ್ಲ."

"ಏನಿಲ್ಲ ಅನ್ನೋದು ಯಾವ ಡಬ್ಬೀಲೂ ಸಿಗಲ್ಲ. ಕೂತ್ಕೊಂಡು ಹೇಳು."

ಹೇಳಿದಳು. ಗಂಡನೂ ಗ್ರೀಸ್ ಮೆತ್ತಿದ ಕೈ ತೊಳೆಯುತ್ತಾ ಕೇಳಿಸಿಕೊಂಡ. ಮ್ಯಾನೇಜರ್‌ಗೆ ಹೇಳಿದರೆ ತನ್ನ ಕೆಲಸಕ್ಕೇ ಕುತ್ತು ಬರಬಹುದು ಎಂದಳು. ಅಮ್ಮ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. "ನಾಳೆ ಹೋಗಿ ಹೇಳು. ಹೇಳ್ದೆ ಇದ್ರೆ ನೀನು ಈ ಮನೆ ಚಿಲಕಗಳನ್ನ ಎಳೆದೆಳೆದು ಕೈಗೇ ಕಿತ್ಕೊಡ್ತೀಯ. ಆ ಸ್ವೆಟರಪ್ಪನ ಹೆಂಡ್ತಿ ಮುಂದೆ ಅವನ ಮರ್ಯಾದೆ ಏನಾಗಿರ್ಬೇಕು ಈಗ?"

ಅದು ಅವಳಿಗೆ ಹೊಳೆದಿರಲಿಲ್ಲ. ಸ್ವೆಟರಪ್ಪನಿಗೂ ಒಂದು ಮನೆ, ಅಲ್ಲಿ "ಇವತ್ತು ಯಾಕೆ ಬೇಗ ಬಂದ್ರಿ?" ಎಂದು ಕೇಳುವವರು ಇರುತ್ತಾರೆ ಎಂಬುದು.

ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ನಿಂತೇ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಹೊರಗಿನವರು ಕಂಪನಿಯ ವ್ಯವಸ್ಥೆಗೆ ಕೈ ಹಾಕಿದ್ದು ಪೊಲೀಸರಿಗೆ ಕೊಡಬೇಕಾದ ವಿಷಯ ಅಂದರು. "ಬಾಗಿಲು ತೆರೆದಿಟ್ಟವಳು ನಾನು ಸರ್. ಕೊಡೋದಾದ್ರೆ ನನ್ನ ಹೆಸರು ಕೊಡಿ" ಅಂದಳು. ಮ್ಯಾನೇಜರ್ ಬಹಳ ಹೊತ್ತು ಮೇಜಿನ ಮೇಲೆ ಪೆನ್ನು ಕುಟ್ಟಿದರು. ಅವರೂ ದೊಡ್ಡಣ್ಣನ ಕೋಟು ಹೊದ್ದವರೇ ಇರಬೇಕು, ಯಾವತ್ತೋ. ಕೊನೆಗೆ ಪೊಲೀಸರ ಮಾತು ಬಿಟ್ಟರು. ಅವಳಿಗೆ ಲಿಖಿತ ಎಚ್ಚರಿಕೆ ಕೊಡುವುದೆಂದಾಯಿತು; ಆ ವರ್ಷ ಆಗಬೇಕಿದ್ದ ಬಡ್ತಿ ನಿಂತಿತು.

ಅವಳು ತನ್ನ ಸೀಟಿಗೆ ಬಂದು ಮೊದಲು ಅತ್ತಿಗೆಗೆ ಫೋನ್ ಮಾಡಿ, "ಈಗ ಮುಚ್ತಾ ಇದೀನಿ ಅತ್ತಿಗೆ" ಅಂದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಗುಂಡಿ ಒತ್ತಿದಳು. ಹಲ್ಲು ಬಿಟ್ಟಿದ್ದ ಫೋಟೋ ಬೂದುಬಣ್ಣಕ್ಕೆ ತಿರುಗಿತು.

ಸ್ವಲ್ಪ ಹೊತ್ತಿಗೆ ಅತ್ತಿಗೆಯೇ ಫೋನ್ ಮಾಡಿದರು. "ಟ್ಯಾಬು ಹೆಸರು ಕೇಳ್ತಾ ಇದೆ" ಅಂದರು. "ಅವರ ಹೆಸರು ಹಾಕ್ದೆ. ಇಂಥವರು ಯಾರೂ ಇಲ್ಲ ಅಂತಿದೆ."

ಫೋನ್ ಕಟ್ ಆಯಿತು. ಅವಳು ಎದ್ದು ಹೋಗಿ ಹೆಂಗಸರ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು.

ಸ್ವೆಟರಪ್ಪ ಕೆಲಸಕ್ಕೆ ಬಂದ ದಿನ ಅವಳು ಗೇಟಿನಲ್ಲೇ ಕಾದಿದ್ದಳು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ತಪ್ಪಾಯ್ತು ಸ್ವೆಟರಪ್ಪನೋರೆ. ನಾನು..."

"ಒಂದು ಮಾತು ಕೇಳ್ಬಹುದಿತ್ತಲ್ಲ ಮೇಡಂ" ಅಂದ ಅವನು. "ಅಷ್ಟೇ. ಒಂದು ಮಾತು." ಕಾರ್ಡು ಕುತ್ತಿಗೆಗೆ ಹಾಕಿಕೊಂಡು ಒಳಗೆ ಹೋದ. ಆಮೇಲೆ ಎಷ್ಟೋ ದಿನ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕ್ಯಾಂಟೀನಿನಲ್ಲಿ ಅವಳು ಬಂದರೆ ಅವನ ಚಹಾ ಬೇಗ ಮುಗಿಯುತ್ತಿತ್ತು.

ಅವಳು ಅಷ್ಟೂ ಐಡಿಗಳನ್ನು ಮೊದಲಿನಿಂದ ಜಾಲಾಡಿದಳು. ಬಿಟ್ಟು ಹೋದ ಒಬ್ಬ ಡ್ರೈವರ್, ಗುತ್ತಿಗೆ ಮುಗಿದ ಒಬ್ಬ ಸಫಾಯಿಯವನು, ತರಬೇತಿಗೆ ಬಂದು ಹೋದವರು, ಹೀಗೆ ಇನ್ನೂ ತೆರೆದಿದ್ದ ಬಾಗಿಲುಗಳು ಸಿಕ್ಕವು. ಎಲ್ಲ ಮುಚ್ಚಿದಳು. ಮುಚ್ಚುವ ಮುಂಚೆ ಪ್ರತಿಯೊಬ್ಬರಿಗೂ ಒಂದು ಫೋನ್ ಮಾಡಿದಳು. ಬಹಳಷ್ಟು ಜನ "ಅಯ್ಯೋ, ಅದಿನ್ನೂ ಇತ್ತಾ?" ಎಂದು ನಕ್ಕರು.

ಮೇಲಿನ ಆಫೀಸಿನವರು ಇನ್ನೊಂದು ನಿಯಮ ತಂದರು. ಇನ್ನು ಮೇಲೆ ಯಾರಿಗೆ ಅನುಮತಿ ಕೊಡಬೇಕಾದರೂ, ಕೀಳಬೇಕಾದರೂ ಅವಳೊಬ್ಬಳ ಕೈ ಸಾಲದು. ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಇನ್ನೊಬ್ಬರು ಯಾರೆಂದು ಮ್ಯಾನೇಜರ್‌ಗೆ ಬಿಟ್ಟರು. ಮ್ಯಾನೇಜರ್ ಬಹಳ ಯೋಚಿಸದೆ ಸ್ವೆಟರಪ್ಪನ ಹೆಸರು ಬರೆದರು.

ಅಲ್ಲಿಂದ ಅವಳ ಪಾಡು ನೋಡಬೇಕು. ಒಂದು ಅನುಮತಿಗೆ ಮನವಿ ಕಳಿಸಿ ಕಾದರೆ, ಅವನು ಯಂತ್ರದ ಕೆಲಸ ಮುಗಿಸಿ, ಕೈ ತೊಳೆದು, ಚಹಾ ಕುಡಿದು, ಕನ್ನಡಕ ಹುಡುಕಿ ಆಮೇಲೆ ತೆರೆಯುತ್ತಿದ್ದ. ಅವಳು ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದಳು. ಒಮ್ಮೊಮ್ಮೆ ಅವನು ಬೇಕೆಂದೇ ತಡ ಮಾಡುತ್ತಾನೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ, ಮಾಡಲಿ ಬಿಡು, ಅವನಿಗೆ ಹಕ್ಕಿದೆ ಅನ್ನಿಸುತ್ತಿತ್ತು.

'ಇಂಥವರು ಯಾರೂ ಇಲ್ಲ ಅಂತಿದೆ' ಎಂಬ ಅತ್ತಿಗೆಯ ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಎಲ್ಲೆಂದರಲ್ಲಿ ಕೇಳಿಸುತ್ತಿತ್ತು. ಒಂದು ದಿನ ತಡೆಯಲಾರದೆ ಹೊಸ ಮನವಿ ಬರೆದಳು: ಅತ್ತಿಗೆಯ ಹೆಸರಿನಲ್ಲಿ ಒಂದು ಐಡಿ, ತಾಪಮಾನ ನೋಡಲು ಮಾತ್ರ, ಏನನ್ನೂ ಬದಲಿಸುವಂತಿಲ್ಲ. ಕಾರಣದ ಜಾಗದಲ್ಲಿ ಏನೇನೋ ಬರೆದು ಅಳಿಸಿ, ಕಡೆಗೆ 'ವಿಶೇಷ ಸಂದರ್ಭ' ಎಂದು ಹಾಕಿ ಕಳಿಸಿದಳು.

ಈ ಸಲ ಸ್ವೆಟರಪ್ಪ ತಡ ಮಾಡಲಿಲ್ಲ. ತಾನೇ ಎದ್ದು ಅವಳ ಸೀಟಿಗೆ ಬಂದ.

"ಮೇಡಂ, ಇದು ಬೇಡ."

"ಬರೀ ನೋಡೋಕೆ ಅಲ್ವಾ? ಪಾಪ, ಒಬ್ಬರೇ..."

"ಪಾಪ ಅನ್ನೋದಕ್ಕೆ ಇದ್ರಲ್ಲಿ ಜಾಗ ಇಲ್ಲ. ಒಂದ್ಸಲ ಪಾಪ ಅಂತ ಬಿಟ್ಟಿದ್ದಕ್ಕೆ ಏನಾಯ್ತು ನೋಡಿದ್ರಲ್ಲ." ಅವಳು ತಲೆ ತಗ್ಗಿಸಿದಳು. ಅವನು ಹೋಗಲಿಲ್ಲ, ಅಲ್ಲೇ ನಿಂತು ಅವಳ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಭಾನುವಾರ ಹೋಗಿ ಮಾತಾಡ್ಸಿ ಬರೋಣ. ನಾನೂ ಬರ್ತೀನಿ. ಅವರು ಹೋದ್ಮೇಲೆ ನಾನೂ ಆ ಕಡೆ ತಲೆ ಹಾಕಿಲ್ಲ."

ಭಾನುವಾರ ಹೊರಟಾಗ ಅಮ್ಮನೂ ಜೊತೆಗೆ ಬರುತ್ತೇನೆಂದು ಹಟ ಹಿಡಿದಳು. ಅತ್ತಿಗೆ ಬಾಗಿಲು ತೆಗೆದು, ಮೂವರನ್ನೂ ನೋಡಿ, ಯಂತ್ರದ ಮುಂದೆ ಹೋಗಿ ಕೂತು ಹೊಲಿಯತೊಡಗಿದರು. ಎಣ್ಣೆ ಡಬ್ಬಿಯ ಪಕ್ಕ ಟ್ಯಾಬ್ ಇರಲಿಲ್ಲ. ಅಮ್ಮ ಯಾರ ಅಪ್ಪಣೆಗೂ ಕಾಯದೆ ಬಟ್ಟೆಯ ರಾಶಿಯ ಪಕ್ಕ ಕೂತು ಕವರುಗಳನ್ನು ಮಡಚಲು ಶುರು ಮಾಡಿದಳು. "ಹಾಗಲ್ಲ, ಹೊಲಿಗೆ ಒಳಗೆ ಬರ್ಬೇಕು" ಎಂದು ಅತ್ತಿಗೆ ಬೈದರು. "ಮೊದಲೇ ಹೇಳ್ಬೇಕಲ್ಲ!" ಎಂದು ಅಮ್ಮ ವಾಪಸ್ಸು ಬೈದಳು. ಸ್ವೆಟರಪ್ಪ ಕುರ್ಚಿಯ ತುದಿಯಲ್ಲಿ ಕೂತು ಅಂಗೈ ಉಜ್ಜಿಕೊಳ್ಳುತ್ತಿದ್ದ. ಅವಳು ಕೂರಲಾಗದೆ ಕಿಟಕಿಗೂ ಗೋಡೆಗೂ ನಡುವೆ ಓಡಾಡುತ್ತಿದ್ದಳು.

ದಾರ ತುಂಡಾಯಿತು. ಅತ್ತಿಗೆ ಸೂಜಿಯ ಕಣ್ಣಿಗೆ ದಾರ ಹಾಕಲು ಬಗ್ಗಿದವರು, ತಲೆ ಎತ್ತದೆಯೇ ಕೇಳಿದರು.

"ಮೂರನೇ ರೂಮು ಹೇಗಿದೆ?"

ಸ್ವೆಟರಪ್ಪ ಗಂಟಲು ಸರಿ ಮಾಡಿಕೊಂಡ. "ಎಡಗಡೆ ಮಿಷನ್ನಿಗೆ ಹೊಸ ಫ್ಯಾನ್ ಹಾಕ್ದೆ ಅತ್ತಿಗೆ. ಹಳೇದು ಗುಂಯ್ ಅಂತ ಸದ್ದು ಮಾಡ್ತಿತ್ತಲ್ಲ, ದೊಡ್ಡಣ್ಣ ಯಾವಾಗ್ಲೂ ಬೈಯ್ಯೋರು, ಅದು ಹೋಯ್ತು. ಸಾಲುಗಳನ್ನ ಫ್ಯಾನಿಂದ ದೂರ ಜರುಗಿಸಿದೀವಿ."

"ಬಾಗಿಲ ರಬ್ಬರು?"

"ಅದು ಮುಂದಿನ ವಾರ."

"ಮುಂದಿನ ವಾರ ಅಂತ ಅವರು ಇದ್ದಾಗಿಂದ ಕೇಳ್ತಿದೀನಿ. ನಾಲ್ಕನೇದು?"

ಅವನು ಕುರ್ಚಿಯನ್ನು ಮುಂದೆ ಎಳೆದುಕೊಂಡು ನಾಲ್ಕನೆಯದರ ಬಗ್ಗೆ ಹೇಳತೊಡಗಿದ. ಅತ್ತಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾ, ನಡುನಡುವೆ ಪೆಡಲ್ ತುಳಿಯುತ್ತಿದ್ದರು. ಅಮ್ಮ ಕವರು ಮಡಚುತ್ತಾ, "ಅದೇನು ಲಸಿಕೆಗಳಿಗೂ ಇಷ್ಟು ಉಪಚಾರವಾ?" ಎಂದಳು. ಕಿಟಕಿಯ ಹತ್ತಿರ ನಿಂತಿದ್ದ ಅವಳು ಮೆಲ್ಲಗೆ ಅಡುಗೆಕೋಣೆಗೆ ಹೋಗಿ, ಗುರುತಿಲ್ಲದ ಕಪಾಟುಗಳಲ್ಲಿ ಚಹಾಪುಡಿ ಹುಡುಕತೊಡಗಿದಳು.

"ಬಲಗಡೆ ಮೇಲಿನದು" ಎಂದು ಅತ್ತಿಗೆ ಅಲ್ಲಿಂದಲೇ ಕೂಗಿದರು. "ಸಕ್ಕರೆ ಕಡಿಮೆ ಹಾಕು."